ಹಗ್ಗದ ಬಳೆ, ಗಾಜಿನ ನಳಿಗೆ

ಬ್ಯಾಟರಿಯ ಎರಡು ತುದಿಗಳಿಗೆ ಮೀಟರಿನ ಕಡ್ಡಿ ಮುಟ್ಟಿಸಿದಾಗ ಹನ್ನೆರಡೂವರೆ ವೋಲ್ಟ್ ತೋರಿಸಿತು ಎಂಬುದು ನನಗೆ ಚೆನ್ನಾಗಿ ನೆನಪಿದೆ. ಹಾಗೆಂದು ಬರೆದ ಕೂಡಲೇ ಕೈ ತಡೆಯುತ್ತದೆ. ನಾನು ಆ ಅಂಕಿಯನ್ನು ಬಾಯಿಬಿಟ್ಟು ಹೇಳಲೇ ಇಲ್ಲ ಎನ್ನುತ್ತಾನೆ ಅಣ್ಣ. ಸುಮ್ಮನೆ ತಲೆಯಾಡಿಸಿ, ಬ್ಯಾಟರಿಯ ತಪ್ಪಲ್ಲ ಎಂದೆನಂತೆ. ಚಾರ್ಜಾದ ಬ್ಯಾಟರಿ ಅಷ್ಟು ತೋರಿಸಬೇಕು ಎಂದು ನಾನು ತರಗತಿಯಲ್ಲಿ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹಾಗಾಗಿ ನೆನಪಿನಲ್ಲಿ ಉಳಿದಿರುವುದು ಕಂಡದ್ದೋ, ಕಾಣಬೇಕಾಗಿದ್ದದ್ದೋ, ಈಗ ಹೇಳಲಾರೆ. ಆ ದಿನದ ಬಹುಪಾಲು ಸಂಗತಿಗಳ ಮೇಲೆ ನನಗೆ ಇಂಥದೇ ಅನುಮಾನ. ಆದರೂ ಬರೆಯುತ್ತೇನೆ, ಅನುಮಾನವಿದ್ದ ಕಡೆ ಅನುಮಾನವೆಂದೇ ಬರೆಯುತ್ತೇನೆ.

ನಾನು ಸೇಡಂನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ನಮ್ಮ ಮನೆತನ ಚಿತ್ತಾಪುರ ತಾಲ್ಲೂಕಿನದು, ಕಾಗಿಣಾ ನದಿಯ ದಂಡೆಯ ಒಂದು ಊರಿನದು. ಅಜ್ಜನ ಪೂರ್ತಿ ಆಯುಷ್ಯ, ಅಪ್ಪನ ಅರ್ಧ ಆಯುಷ್ಯ ಜನರನ್ನು ನದಿ ದಾಟಿಸುವುದರಲ್ಲೇ ಕಳೆಯಿತು. ಸೇತುವೆ ಬಂದ ಮೇಲೆ ದಾಟಿಸುವುದು ನಿಂತಿತು, ದೋಣಿ ಮಾತ್ರ ಉಳಿಯಿತು. ಅಣ್ಣ ವಾಡಿಗೆ ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಪಾಳಿ ಇಲ್ಲದ ದಿನ ಬ್ಯಾರೇಜಿನ ಹಿನ್ನೀರಿನಲ್ಲಿ ಬಲೆ ಹಾಕುತ್ತಾನೆ. ಮರದ ದೋಣಿ ಜೀರ್ಣವಾಗಿ ಒಲೆ ಸೇರಿದ ಮೇಲೆ ಅವನೊಂದು ಫೈಬರ್ ದೋಣಿ ತಂದ. ಹಗ್ಗ ಎಳೆದರೆ ಗುಡುಗುಡು ಎನ್ನುವ ಸಣ್ಣ ಎಂಜಿನ್ ಅದಕ್ಕೆ. ಜೊತೆಗೆ ಹೈದರಾಬಾದಿನ ಹಳೆ ಸಾಮಾನಿನ ಬಜಾರಿನಿಂದ ಒಂದು ಯಂತ್ರವನ್ನೂ ತಂದ. ಊಟದ ಡಬ್ಬಿಯಷ್ಟು ಪೆಟ್ಟಿಗೆ, ಅದಕ್ಕೊಂದು ಪರದೆ. ದೋಣಿಯ ಹಿಂಬದಿಯಲ್ಲಿ ನೀರೊಳಗೆ ತೂಗುವ ಒಂದು ಗುಂಡು ಕೆಳಕ್ಕೆ ಶಬ್ದ ಕಳಿಸುತ್ತದೆ. ತಳಕ್ಕೆ ಬಡಿದು ಮರಳಿ ಬಂದ ಶಬ್ದದಿಂದ ಪರದೆಯ ಮೇಲೆ ಆಳದ ಗೆರೆ ಮೂಡುತ್ತದೆ. ನಡುವೆ ಮೀನಿದ್ದರೆ ಚುಕ್ಕೆ, ತಳದಲ್ಲಿ ಏನಾದರೂ ಬಿದ್ದಿದ್ದರೆ ಗೆರೆಯ ಮೇಲೊಂದು ಉಬ್ಬು. ಊರಿನವರು ಅದನ್ನು ದೋಣಿ ಟಿವಿ ಎಂದು ಕರೆದರು. ಮೀನು ಹಿಡಿಯಲು ಅಣ್ಣ ಅದನ್ನು ಹಚ್ಚುತ್ತಿದ್ದದ್ದು ಅಪರೂಪ. “ಮೀನ ಎಲ್ಲಿ ಅದಾವ ಅಂತ ನನಗ ಗೊತ್ತಾದ್ರ ಆತೇನು, ಬಲಿ ಎಲ್ಲಿ ಅದ ಅಂತ ಮೀನಿಗೂ ಗೊತ್ತಿರ್ತದ” ಎನ್ನುತ್ತಿದ್ದ.

ಆದರೆ ಆ ವರ್ಷ ಮಳೆಗಾಲದಲ್ಲಿ ಬ್ಯಾರೇಜಿನ ಹತ್ತಿರ ಕಾಲು ಜಾರಿ ಬಿದ್ದವನೊಬ್ಬನ ದೇಹವನ್ನು ಆ ಟಿವಿ ಹುಡುಕಿಕೊಟ್ಟಿತು. ದೇಹವನ್ನು ದಂಡೆಗೆ ತಂದದ್ದು ಅಣ್ಣನ ದೋಣಿಯೇ. ಅಂದಿನಿಂದ ಠಾಣೆಯವರ ಫೋನಿನಲ್ಲಿ ಅಣ್ಣನ ನಂಬರ್ ಉಳಿಯಿತು.

ದಸರೆ ಕಳೆದು ಕೆಲವೇ ದಿನಗಳಾಗಿದ್ದವು. ರಜೆಯ ದಿನ, ಬೆಳಿಗ್ಗೆ ಅಣ್ಣನ ಫೋನ್ ಬಂತು.

“ತಮ್ಮಾ, ಶಹಾಬಾದಕ್ಕ ಬಾ. ಖಣಿಯಾಗ ಒಬ್ಬಾಂವ ಮುಳುಗ್ಯಾನ. ದೋಣಿ ಟ್ರ್ಯಾಕ್ಟರ್ ಮ್ಯಾಲ ಹೇರಕೊಂಡು ಬಂದೀವಿ. ಟಿವಿ ಹತ್ತವಲ್ದು.”

“ಬ್ಯಾಟರಿ ನೋಡಿದ್ಯಾ?”

“ನೋಡೂ ಮೀಟರ್ ನಿನ್ನ ಬಲ್ಲಿ ಅದ. ಅದಕ್ಕ ಬಾ ಅಂದೆ.”

ಚಿತ್ತಾಪುರ, ವಾಡಿ ದಾಟಿ ಶಹಾಬಾದಿಗೆ ಬೈಕಿನಲ್ಲಿ ಹೋದೆ. ದಾರಿಯಲ್ಲೆಲ್ಲ ಆಗಬಹುದಾದ ಕಾರಣಗಳನ್ನು ತಲೆಯಲ್ಲೇ ಸಾಲಾಗಿ ಜೋಡಿಸಿಕೊಂಡೆ. ಯಂತ್ರವೊಂದು ಹೊತ್ತಿಕೊಳ್ಳುವುದಿಲ್ಲ ಎಂದರೆ ಒಂದೋ ವಿದ್ಯುತ್ತು ಹೊರಟಿಲ್ಲ, ಇಲ್ಲವೇ ದಾರಿಯಲ್ಲಿ ನಿಂತಿದೆ, ಇಲ್ಲವೇ ತಲುಪಿಯೂ ಯಂತ್ರ ಅದನ್ನು ತೆಗೆದುಕೊಳ್ಳುತ್ತಿಲ್ಲ. ನಾಲ್ಕನೆಯದು ಇರಲಾರದು. ಹಾಗೆ ಯೋಚಿಸುವಾಗ ನನಗೊಂದು ನೆಮ್ಮದಿ ಇರುತ್ತದೆ. ನೀರಿನಲ್ಲಿ ಯಾರಿದ್ದಾರೆ ಎಂಬುದನ್ನು ನಾನು ಇನ್ನೂ ಕೇಳಿರಲಿಲ್ಲ.

ಊರ ಹೊರಗಿನ ಆ ಖಣಿಯಿಂದ ಒಂದು ಕಾಲದಲ್ಲಿ ಫರ್ಸಿ ಕಲ್ಲು ತೆಗೆಯುತ್ತಿದ್ದರು. ನಮ್ಮ ಕಡೆಯ ಬಹುತೇಕ ಮನೆಗಳ ನೆಲಕ್ಕೆ ಹಾಸಿರುವ ಬೂದು ಬಣ್ಣದ ಕಲ್ಲು ಅದು. ಹಾಳೆ ಹಾಳೆಯಾಗಿ ಬಿಚ್ಚಿಕೊಂಡು ಬರುವುದರಿಂದ ಖಣಿಯ ಗೋಡೆಗಳು ದೊಡ್ಡ ದೊಡ್ಡ ಮೆಟ್ಟಿಲುಗಳ ಹಾಗಿರುತ್ತವೆ, ತಳ ಅಂಗಳದಂತೆ ಸಪಾಟಾಗಿರುತ್ತದೆ. ಕೆಲಸ ನಿಂತ ಮೇಲೆ ಮಳೆ ನೀರು, ಬಸಿದ ನೀರು ಸೇರಿ ಹಸಿರಾಗಿ ತುಂಬಿಕೊಂಡಿತ್ತು. ಹಿಂದಿನ ದಿನ ಹುಡುಕಿದವರು ಹಗ್ಗಕ್ಕೆ ಗಾಳ ಕಟ್ಟಿ ಎಳೆದಿದ್ದರು. ಗಾಳ ಪ್ರತಿ ಸಲವೂ ನೀರೊಳಗಿನ ಮೆಟ್ಟಿಲಿನ ಅಂಚಿಗೆ ಸಿಕ್ಕಿಕೊಂಡಿತಂತೆ. ಅದಕ್ಕೇ ಅಣ್ಣನ ಟಿವಿ ಬೇಕಾಗಿದ್ದದ್ದು.

ಮುಳುಗಿದವನು ಚಿಂಚೋಳಿ ಕಡೆಯ ಐನಾಪುರದವನು. ಖಣಿಗೆ ಹತ್ತಿರದ ಶೆಡ್ಡಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವ ಕೆಲಸ. ಮೈಗೆ ಹತ್ತಿದ ಧೂಳು ತೊಳೆಯಲು ಎರಡು ದಿನದ ಹಿಂದೆ ಸಂಜೆ ಬಂದವನು ತಿರುಗಿ ಹೋಗಲಿಲ್ಲ. ಅಂಗಿ, ಪ್ಯಾಂಟು, ಸಾಬೂನು ಮೇಲಿನ ಕಲ್ಲಿನ ಮೇಲೆ ಸಿಕ್ಕಿದ್ದವು. ಅವನ ಹೆಂಡತಿ ಹಿಂದಿನ ರಾತ್ರಿಯೇ ಊರಿನಿಂದ ಬಂದು, ಆ ಬಟ್ಟೆಗಳ ಪಕ್ಕದಲ್ಲಿ ಕೂತಿದ್ದಳು. ಯಾರೋ ತಂದುಕೊಟ್ಟ ಚಹಾ ಮುಟ್ಟದೆ ಕೆನೆಗಟ್ಟಿತ್ತು.

ನಾನು ಮೀಟರಿನ ಚೀಲ ಹಿಡಿದು ದೋಣಿಯ ಕಡೆ ಇಳಿಯುವಾಗ ಅವಳು ತಡೆದಳು.

“ಟಿವಿ ಮಾಡೂ ಮಾಸ್ತರು ನೀವೇ ಏನ್ರಿ?”

ಹೌದು, ಅಂದೆ. ತಿದ್ದುವ ಹೊತ್ತು ಅದಾಗಿರಲಿಲ್ಲ.

“ನಾಳಿಗೋ ನಾಡದೋ ತಾನಾಗೇ ತೇಲ್ತದ ಅಂತ ಎಲ್ಲಾರೂ ಹೇಳ್ಲಿಕತ್ಯಾರ್ರಿ. ತೇಲೂದು ನನಗೂ ಗೊತ್ತದ. ನಮ್ಮೂರ ಕೆರ್ಯಾಗ ತೇಲಿದ್ದು ನೋಡೀನಿ. ತೇಲಿದ ಮ್ಯಾಲ ಮುಖ ಇರಂಗಿಲ್ರಿ. ಮುಖ ಇರೂತನಾ ತಗದು ಕೊಡ್ರಿ. ಎರಡು ಹೆಣ್ಣ ಮಕ್ಕಳವ ನನಗ. ನಿಮ್ಮಪ್ಪ ಅಂತ ಏನ್ ತೋರಸ್ಲಿ ಅವಕ್ಕ?”

ಪಕ್ಕದಲ್ಲಿ ನಿಂತಿದ್ದ ಠಾಣೆಯ ಜಮಾದಾರರು ನನ್ನನ್ನು ಆಚೆ ಕರೆದುಕೊಂಡು ಹೋಗುತ್ತ ತಗ್ಗಿದ ದನಿಯಲ್ಲಿ, “ಹುಡುಕೂದು ಹುಡುಕ್ರಿ. ಆದ್ರ ನೀರಾಗ ಅದಾನೋ ಹೈದ್ರಾಬಾದದಾಗ ಅದಾನೋ ಯಾರಿಗೆ ಗೊತ್ತು? ಅರಿವಿ ದಂಡಿ ಮ್ಯಾಲ ಇಟ್ಟು ಬಸ್ ಹತ್ತಿದವರನ್ನ ನೋಡೀನಿ ನಾ” ಎಂದರು.

ದನಿ ಸಾಕಷ್ಟು ತಗ್ಗಿರಲಿಲ್ಲ.

“ಚಡ್ಡಿ ಮ್ಯಾಲ ಬಸ್ ಹತ್ತಿಸ್ಕೋತಾರೇನ್ರಿ ಸಾಹೇಬ್ರ?” ಎಂದಳು ಅವಳು, ನೀರಿನಿಂದ ಕಣ್ಣು ತೆಗೆಯದೆ.

ಜಮಾದಾರರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಆಮೇಲೆ ಆ ಮಾತು ಎತ್ತಲಿಲ್ಲ.

ದೋಣಿ ನೀರಿನ ಅಂಚಿನಲ್ಲಿತ್ತು. ಒಳಗಿನ ಹಲಗೆಯ ಮೇಲೆ ನಮ್ಮ ಸೋದರತ್ತೆ ಕೂತಿದ್ದಳು. ಅಪ್ಪನ ಅಕ್ಕ, ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆಯಲ್ಲೇ ಇರುವವಳು. ನಮ್ಮ ಮನೆಯ ದೋಣಿ ಹೊಸ ನೀರಿಗೆ ಇಳಿಯುವುದಾದರೆ ಮನೆಯ ಹೆಣ್ಣುಮಗಳೊಬ್ಬಳು ಮೊದಲು ಆ ನೀರಿಗೆ ಅರಿಸಿನ ಕುಂಕುಮ ಹಾಕಿ, ಇಂಥವರು ಇಳಿಯುತ್ತಿದ್ದೇವೆ ಎಂದು ಹೇಳಬೇಕು. ಆ ಕೆಲಸಕ್ಕೆ ಅವಳು ಟ್ರ್ಯಾಕ್ಟರ್ ಟ್ರೇಲರಿನಲ್ಲಿ, ದೋಣಿಯೊಳಗೇ ಕೂತು ಬಂದಿದ್ದಳು. ರಸ್ತೆಯ ಮೇಲೆ ದೋಣಿಯಲ್ಲಿ ಕೂತು ಬಂದದ್ದು ತನ್ನ ವಂಶದಲ್ಲಿ ತಾನೊಬ್ಬಳೇ ಎಂದು ಆಮೇಲೆ ಬಹಳ ದಿನ ಹೇಳಿಕೊಂಡಳು.

ಗುಂಡಿ ಒತ್ತಿದೆ. ಪರದೆ ಕಪ್ಪಾಗಿಯೇ ಇತ್ತು. ಒತ್ತಿ ಹಿಡಿದೆ, ಇಲ್ಲ. ಬ್ಯಾಟರಿಗೆ ಮೀಟರ್ ಇಟ್ಟೆ, ಹನ್ನೆರಡೂವರೆ, ಅಥವಾ ನಾನು ಹಾಗೆ ನಂಬಿದ್ದೇನೆ. ಆದರೆ ಬ್ಯಾಟರಿಯ ತುದಿಗಳ ಮೇಲೆ ಅರಿಸಿನ ಕುಂಕುಮ ಒಣಗಿ ಹಕ್ಕಳೆಗಟ್ಟಿತ್ತು, ಅದರ ಕೆಳಗೆ ಹಸಿರು ಪುಡಿ. ಕಾರಣ ಕಣ್ಣೆದುರಿಗೇ ಇದೆ ಎಂದು ನನಗೆ ಒಳಗೊಳಗೇ ಖುಷಿಯಾಯಿತು.

“ಅತ್ತಿ, ಇದೇನು?”

“ಖಂಡೆ ಪೂಜಿದು. ದಸರಿಗೆ ಎಲ್ಲಾ ಸಾಮಾನಿಗೆ ಹಚ್ಚಿದಂಗ ಅದಕ್ಕೂ ಹಚ್ಚೀನಿ. ಟೆಂಗೂ ಒಡದೀನಿ.”

“ಕರೆಂಟ್ ಹೋಗೂ ದಾರಿ ಮ್ಯಾಲ ಟೆಂಗಿನ ನೀರು ಹಾಕಿದ್ರ ಅದು ಜಂಗ ಹಿಡಿದು ಕುಂದ್ರದೆ ಏನ್ ಮಾಡ್ತದ? ಮೀಟರಿಗೆ ವೋಲ್ಟ್ ತೋರಸ್ತದ, ಯಂತ್ರಕ್ಕ ಕೊಡೂ ಹೊತ್ತಿಗೆ ಕೈ ಎತ್ತತದ.”

“ನಿಮ್ಮ ಕಾಲೇಜಿನ ಬಸ್ಸಿಗೂ ಹಚ್ಚತಾರಲ್ಲ, ಅದೇನ್ ನಿಂತದೇನು?”

ಅಣ್ಣನ ಚಾಕುವಿನಿಂದ ತುದಿಗಳನ್ನು ಲೋಹ ಮಿಂಚುವವರೆಗೆ ಕೆರೆದೆ. ತಿರುಪು ಬಿಗಿದೆ. ಗುಂಡಿ ಒತ್ತಿದೆ. ಪರದೆ ಹಾಗೇ ಇತ್ತು.

“ಹತ್ತಿತೇನು?” ಎಂದಳು ಅತ್ತೆ.

“ಇಲ್ಲ.”

“ಮತ್ತ ನನ್ನ ಕುಂಕುಮ ಕೆರದಿದ್ದು ವಾಪಸ್ ಹಚ್ಚು.”

ಅಣ್ಣ ನಕ್ಕ, ನಕ್ಕದ್ದಕ್ಕೆ ಮುಜುಗರಪಟ್ಟು ಮೇಲೆ ಕೂತಿದ್ದ ಹೆಂಗಸಿನ ಕಡೆ ನೋಡಿದ. ಅವಳು ನಮ್ಮನ್ನೇ ನೋಡುತ್ತಿದ್ದಳು. ನಾವು ಏನು ಮಾಡಿದರೂ ಅವಳಿಗೆ ಕಾಣುತ್ತಿತ್ತು. ಬಿಸಿಲು ಏರುತ್ತಿತ್ತು. ಬಿಸಿಲು ಏರಿದರೆ ನೀರು ಬೆಚ್ಚಗಾಗುತ್ತದೆ, ಬೆಚ್ಚಗಾದ ನೀರಿನಲ್ಲಿ ಏನಾಗುತ್ತದೆ ಎಂಬುದು ಖಣಿಯ ಸುತ್ತ ನಿಂತ ಎಲ್ಲರಿಗೂ ತಿಳಿದಿತ್ತು, ಯಾರೂ ಹೇಳುತ್ತಿರಲಿಲ್ಲ.

ಪೂಜೆಯ ಮೇಲೆ ಹಾಕಿದ ತಪ್ಪು ಅಲ್ಲಿ ನಿಲ್ಲಲಿಲ್ಲ. ಮತ್ತೆ ಮೊದಲಿನಿಂದ ಬಂದೆ. ಯಂತ್ರದ ಹಿಂದಿನ ಪ್ಲಗ್ ಕಿತ್ತು ಅದರ ತೂತುಗಳಿಗೆ ಕಡ್ಡಿ ಇಟ್ಟೆ. ಸೊನ್ನೆ. ಬ್ಯಾಟರಿಯಿಂದ ಹೊರಟದ್ದು ಇಲ್ಲಿಗೆ ಬರುತ್ತಿಲ್ಲ ಎಂದಾಯಿತು. ಯಂತ್ರ ಕೆಟ್ಟಿದೆಯೋ ಇಲ್ಲವೋ, ಅದು ಇನ್ನೂ ಆಚೆಯ ಮಾತು. ಮೀಟರಿನ ಗುಂಡಿಯನ್ನು ಕೂಗುವ ಗುರುತಿಗೆ ತಿರುಗಿಸಿದೆ. ತಂತಿ ಇಡಿಯಾಗಿದ್ದರೆ ಅದು ಕೂಗುತ್ತದೆ, ತುಂಡಾಗಿದ್ದರೆ ಸುಮ್ಮನಿರುತ್ತದೆ. ಕಪ್ಪು ತಂತಿಗೆ ಕೂಗಿತು. ಕೆಂಪಿಗೆ ಕೂಗಲಿಲ್ಲ.

“ಕೆಂಪು ತಂತಿ ನಡುವೆ ಎಲ್ಲೋ ಹರದದ” ಎಂದೆ.

“ಇಲಿ?” ಎಂದ ಅಣ್ಣ.

ತಂತಿಯು, ಜನ ಕೂರುವ ಹಲಗೆಯ ಕೆಳಗೆ, ರಬ್ಬರ್ ನಳಿಕೆಯೊಳಗೆ ಹಾದುಹೋಗಿತ್ತು. ಅತ್ತೆಯನ್ನು ಎಬ್ಬಿಸಬೇಕಾಯಿತು. ಅವಳು ಎದ್ದು ದಂಡೆಗೆ ಹೋಗಿ, ಆ ಹೆಂಗಸಿನ ಪಕ್ಕದಲ್ಲಿ ಕೂತಳು. ನಾನು ನಳಿಕೆಯನ್ನು ಗೇಣು ಗೇಣಾಗಿ ಹಿಸುಕುತ್ತ ಬಂದೆ. ಹರಿದ ಜಾಗವಿಲ್ಲ. ಹಲಗೆಯ ಮೂಲೆಯಲ್ಲಿ ಕರಿ ಟೇಪು ಸುತ್ತಿದ ಒಂದು ಗಂಟು ಸಿಕ್ಕಿತು. ಟೇಪನ್ನು ಬಹಳ ಅಚ್ಚುಕಟ್ಟಾಗಿ, ಒಂದರ ಮೇಲೊಂದು ಸಮನಾಗಿ ಸುತ್ತಲಾಗಿತ್ತು. ಬಿಚ್ಚಿದೆ. ಫ್ಯೂಸಿನ ಗೂಡು. ವಿದ್ಯುತ್ತು ಮಿತಿಮೀರಿ ಹರಿದರೆ ತಾನು ಕರಗಿ ಯಂತ್ರವನ್ನು ಉಳಿಸುವ, ಬೆಂಕಿಕಡ್ಡಿಯ ಅರ್ಧದಷ್ಟು ಉದ್ದದ ಗಾಜಿನ ನಳಿಗೆ ಇರುವ ಜಾಗ. ಕರಕಲಾದ ಗಾಜನ್ನು ನಿರೀಕ್ಷಿಸಿ ಮುಚ್ಚಳ ತಿರುಗಿಸಿದೆ.

ಒಳಗೆ ಏನೂ ಇರಲಿಲ್ಲ. ಸ್ಪ್ರಿಂಗ್ ಒಂದೇ ಇತ್ತು.

ಸುಟ್ಟ ಫ್ಯೂಸ್ ನನಗೆ ಅರ್ಥವಾಗುತ್ತದೆ. ಇಲ್ಲದ ಫ್ಯೂಸ್ ಅರ್ಥವಾಗುವುದಿಲ್ಲ. ಗೂಡಿನಿಂದ ಅದು ತಾನಾಗಿ ಬೀಳಲಾರದು. ಬಿದ್ದರೂ ಮುಚ್ಚಳ ಹಾಕಿ ಟೇಪು ಸುತ್ತಿಕೊಳ್ಳಲಾರದು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ನನ್ನ ಮೂರು ಕಾರಣಗಳಲ್ಲಿ ಯಾರೋ ಬೇಕೆಂದೇ ತೆಗೆದಿರಬಹುದು ಎಂಬುದು ಇರಲಿಲ್ಲ.

“ಇದನ್ನ ತಗದದ್ದು ಯಾರು?”

ಅಣ್ಣ ಗೂಡನ್ನು ಇಸಿದುಕೊಂಡು ನೋಡಿದ. ಅವನ ಮುಖದಲ್ಲಿ ಮೊದಲು ಬೆರಗು, ಆಮೇಲೆ ಇನ್ನೇನೋ. ಅವನು ತಲೆಯೆತ್ತಿ ದಂಡೆಯ ಕಡೆ ನೋಡಿದ.

“ಅತ್ತಿ” ಎಂದು ಕರೆದ. “ಮಳಿಗಾಲದಾಗ ಆ ಹೆಣ ತಂದ ಮ್ಯಾಲ, ನೀ ದೋಣಿ ತೊಳದಿ. ಅವಾಗ ಏನ್ ತಗದಿ?”

ಅತ್ತೆ ಕೂತಲ್ಲಿಂದಲೇ ಹೇಳಿದಳು. ಮುಚ್ಚಿಡುವ ದನಿಯಲ್ಲ, ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲ, ಅಷ್ಟೆ.

“ಬಳಿ ತಗೀಬೇಕಲ್ಲೋ. ಈ ಪ್ಲಾಸ್ಟಿಕ್ ದೋಣಿಗೆ ಬಳಿ ಎಲ್ಲದ? ಹೆಣ ತೋರಿಸಿದ್ದು ಆ ಟಿವಿ. ಅದರ ತಂತ್ಯಾಗ ಸಣ್ಣದೊಂದು ಗಾಜಿನ ನಳಗಿ ಇತ್ತು, ನೀ ಒಮ್ಮೆ ಬದಲ್ ಮಾಡೂದು ನೋಡಿದ್ದೆ. ಅದನ್ನೇ ಹೊಳಿಗೆ ಬಿಟ್ಟೆ. ಖಾಲಿ ಗೂಡಿನಾಗ ನೀರು ಹೊಕ್ಕೀತಂತ ಟೇಪ್ ಸುತ್ತಿದೆ.”

ಅರ್ಥವಾಗಲು ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮರದ ದೋಣಿಯಲ್ಲಿ ಹುಟ್ಟು ಜಾರದಂತೆ ಅಂಚಿನ ಗೂಟಕ್ಕೆ ನಾರಿನ ಹಗ್ಗದ ಬಳೆಯೊಂದನ್ನು ಹಾಕಿರುತ್ತಾರೆ. ದೋಣಿ ಹೆಣ ಹೊತ್ತು ತಂದರೆ ನಮ್ಮ ಮನೆಯ ಹೆಂಗಸರು ದೋಣಿ ತೊಳೆದು, ಆ ಬಳೆಯನ್ನು ಬಿಚ್ಚಿ ನದಿಗೆ ಬಿಡುತ್ತಿದ್ದರು. ದೋಣಿ ಆ ಭಾರವನ್ನು ಮರೆಯಬೇಕು, ಅದೇ ದಾರಿಯಲ್ಲಿ ಇನ್ನೊಂದನ್ನು ಮನೆಗೆ ತರಬಾರದು ಎಂದು. ಮುಂದೆ ದೋಣಿ ಹತ್ತುವ ಗಂಡಸು ಗೂಟ ಬರಿದಾಗಿರುವುದನ್ನು ನೋಡಿ, ಹೊಸ ಬಳೆ ಹೊಸೆದು ಹಾಕಿ, ಆಮೇಲೆ ದೋಣಿ ನೂಕುತ್ತಿದ್ದ. ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಬರಿದಾದ ಗೂಟವೇ ಹೇಳುತ್ತಿತ್ತು.

ಫ್ಯೂಸ್ ಹಾಗಲ್ಲ. ಅದು ಇಲ್ಲದಿರುವುದು ಹೊರಗೆ ಕಾಣುವುದಿಲ್ಲ. ಅತ್ತೆ ತನ್ನ ಪಾಲಿನ ಕೆಲಸ ಮಾಡಿದ್ದಳು. ಅಣ್ಣನ ಪಾಲಿನದು ಅವನ ಕಣ್ಣಿಗೆ ಬೀಳಲೇ ಇಲ್ಲ. ಎಂಜಿನ್ ಹಗ್ಗ ಎಳೆದರೆ ಶುರುವಾಗುತ್ತಿತ್ತು, ಮೀನಿಗೆ ಟಿವಿ ಬೇಕಾಗಿರಲಿಲ್ಲ.

ಇಲ್ಲಿ ಇನ್ನೊಂದನ್ನು ಹೇಳಬೇಕು. ಅತ್ತೆ ಬಳೆ ಎಂದ ಕೂಡಲೇ ನನಗೆ ಒಂದು ದೃಶ್ಯ ಕಣ್ಣಿಗೆ ಕಟ್ಟಿತು: ಅವ್ವ ಮೊಣಕಾಲುದ್ದ ನೀರಿನಲ್ಲಿ ನಿಂತು ಬಳೆಯನ್ನು ಬಿಟ್ಟದ್ದು, ಅದು ಮುಳುಗದೆ ಸುತ್ತುತ್ತ ಸುತ್ತುತ್ತ ಸೇತುವೆಯ ಕಂಬದ ಕಡೆ ಹೋದದ್ದು, ಅಪ್ಪ ಬೇರೆ ಕಡೆ ಮುಖ ಮಾಡಿ ಬೀಡಿ ಹಚ್ಚಿದ್ದು. ಅದನ್ನು ಅಲ್ಲೇ ಅಣ್ಣನಿಗೆ ಹೇಳಿದೆ ಕೂಡ.

“ನೀ ಅವಾಗ ಎಲ್ಲಿದ್ದಿ?” ಎಂದಳು ಅತ್ತೆ. “ನಿಮ್ಮವ್ವ ಬಳಿ ಬಿಟ್ಟಿದ್ದು ಒಂದೇ ಸಲ, ಸೇತುವಿ ಕಟ್ಟಿದ ಮ್ಯಾಲ. ನೀ ಯೂನಿವರ್ಸಿಟಿಯಾಗ ಓದ್ಲಿಕತ್ತಿದ್ದಿ. ನಾ ಹೇಳಿದ್ದು ಕೇಳಿ.”

ಇರಬಹುದು. ಆದರೆ ಬೀಡಿಯ ಹೊಗೆ? ಅದನ್ನೂ ಅವಳೇ ಹೇಳಿದ್ದಳೇ?

ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ. ಸಿಟ್ಟು ಬಂದಿರಲಿಲ್ಲ ಎಂದಲ್ಲ. ಮೇಲೆ ಕೂತ ಹೆಂಗಸು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ಅತ್ತೆಗೆ ಏನಾದರೂ ಅನ್ನುತ್ತಾಳೆ ಎಂದುಕೊಂಡೆ. ಅವಳು ಅತ್ತೆಯನ್ನು ಕೇಳಿದ್ದು ಒಂದೇ: “ಅದು ಬಿಟ್ಟ ಮ್ಯಾಲ ನಿಮ್ಮ ಮನಿಗೆ ಏನೂ ಆಗಲಿಲ್ರಿ?”

“ಇಲ್ಲವ್ವಾ.”

“ಛಲೋ ಆತು” ಎಂದಳು.

ಫ್ಯೂಸ್ ತರಲು ಪೇಟೆಗೆ ಹೋಗಿ ಬರಬಹುದಿತ್ತು. ರಜೆಯ ದಿನ, ಅಂಗಡಿ ತೆರೆದಿರುವುದು ನೆಚ್ಚಿಕೆಯ ಮಾತಲ್ಲ. ಗೂಡಿನ ಒಂದು ತುದಿಯಿಂದ ಇನ್ನೊಂದಕ್ಕೆ ದಪ್ಪ ತಂತಿ ಕಟ್ಟಿದರೆ ಯಂತ್ರ ಹತ್ತುತ್ತದೆ. ಒಳಗೆಲ್ಲಾದರೂ ನೀರು ಹೊಕ್ಕಿದ್ದರೆ ಸುಟ್ಟೂ ಹೋಗುತ್ತದೆ, ಆಮೇಲೆ ಆ ದಿನಕ್ಕೆ ಬೇರೆ ದಾರಿಯಿಲ್ಲ. ಟ್ರ್ಯಾಕ್ಟರಿನ ಹಿಂದೀಪದ ಹಳೆ ತಂತಿಯ ತುಂಡೊಂದನ್ನು ಅಣ್ಣನಿಂದ ಕೊಯ್ಯಿಸಿ, ಅದರೊಳಗಿನ ತಾಮ್ರದ ಎಳೆಗಳಲ್ಲಿ ಒಂದೇ ಒಂದನ್ನು ಬಿಡಿಸಿದೆ. ಕೂದಲಿಗಿಂತ ಸ್ವಲ್ಪ ದಪ್ಪ. ಹೆಚ್ಚಾದರೆ ಅದೂ ಕರಗುತ್ತದೆ, ಯಂತ್ರ ಉಳಿಯುತ್ತದೆ. ಅದನ್ನು ಬೆಂಕಿಕಡ್ಡಿಯ ತುಂಡಿಗೆ ಸುತ್ತಿ ನಳಿಗೆಯ ಅಳತೆಗೆ ತಂದೆ.

ಗೂಡಿಗೆ ಇಡಲು ಹೋದಾಗ ಅತ್ತೆ, “ನೀ ಅಲ್ಲ. ದೋಣಿ ನಡಸಾಂವ ಹಾಕಬೇಕು” ಎಂದಳು. ನಾನು ಏನೋ ಅನ್ನಲು ಬಾಯಿ ತೆರೆದೆ. ಅಣ್ಣ ಕೈಚಾಚಿದ. ಕೊಟ್ಟೆ. ಅವನು ಅದನ್ನು ಗೂಡಿನಲ್ಲಿಟ್ಟು, ಮುಚ್ಚಳ ತಿರುಗಿಸಿ, ದೋಣಿಯ ಅಂಚನ್ನು ಒಮ್ಮೆ ಮುಟ್ಟಿದ. ನಾನು ಪ್ಲಗ್ ಹಾಕಿ ಗುಂಡಿ ಒತ್ತಿದೆ.

ಯಂತ್ರ ಒಮ್ಮೆ ಕಿಂಯ್ ಎಂದು ಬೆಳಗಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದು ಬೆಳಗಿದ್ದು ಏನನ್ನು ತೋರಿಸಲು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹೆಂಗಸು ಎದ್ದು ನಿಂತಳು.

ಅತ್ತೆ ಅರಿಸಿನ ಕುಂಕುಮ ನೀರಿಗೆ ಹಾಕಿ, ಬಾಯೊಳಗೇ ಏನೋ ಹೇಳಿದಳು. ಅಣ್ಣ ಎಂಜಿನ್ ಹಚ್ಚಿ ನಿಧಾನವಾಗಿ ಬಿಟ್ಟ. ನಾನು ಪರದೆಯ ಮುಂದೆ ಕೂತೆ. ಬಿಸಿಲಿಗೆ ಪರದೆ ಕಾಣದೆ ತಲೆಯ ಮೇಲೆ ಟವೆಲ್ ಹೊದ್ದುಕೊಂಡಿದ್ದೆ. ಹಾಗಾಗಿ ಖಣಿಯ ಮೇಲಿನದು ಯಾವುದೂ ಆ ಹೊತ್ತಿಗೆ ನನಗೆ ಕಾಣುತ್ತಿರಲಿಲ್ಲ, ಕೆಳಗಿನದು ಮಾತ್ರ. ನದಿಯ ತಳ ಪರದೆಯ ಮೇಲೆ ಅಂಕುಡೊಂಕಾಗಿರುತ್ತದೆ. ಖಣಿಯ ತಳ ಹಾಗಲ್ಲ. ಗೆರೆ ನೇರವಾಗಿ ಹೋಗಿ, ಒಂದು ಮೆಟ್ಟಿಲು ಇಳಿದು, ಮತ್ತೆ ನೇರವಾಗಿ. ಮನುಷ್ಯರು ಕೊಯ್ದ ಕಲ್ಲು ನೀರೊಳಗೂ ಮನುಷ್ಯರ ಅಳತೆಯಲ್ಲೇ ಇತ್ತು. ಕೆಳಗೆ ಕೋಣೆಗಳಿಲ್ಲದ ಒಂದು ಮನೆ ಇದ್ದ ಹಾಗೆ.

ದೂರದ ಗೋಡೆಯ ಹತ್ತಿರ ನೇರ ಗೆರೆಯ ಮೇಲೊಂದು ಉಬ್ಬು ಬಂತು.

“ನಿಲ್ಲಸ್ಲಿ?” ಎಂದ ಅಣ್ಣ.

“ಕಲ್ಲಿರಬೇಕು” ಎಂದೆ. ಕೆಲಸ ನಿಲ್ಲಿಸಿದವರು ಬಿಟ್ಟುಹೋದ ಕಲ್ಲುಗಳು ಖಣಿಗಳಲ್ಲಿ ಬೇಕಾದಷ್ಟಿರುತ್ತವೆ. ಮುಂದೆ ಹೋದೆವು. ಮತ್ತೆರಡು ಉಬ್ಬು ಬಂದವು. ಅವು ಚೂಪು ಅಂಚಿನವು, ಮೇಲೆ ಸಪಾಟು, ಕಲ್ಲೇ, ಸಂಶಯವಿಲ್ಲ. ಆಗ ಮೊದಲನೆಯದರ ಬಗ್ಗೆ ಸಂಶಯ ಹುಟ್ಟಿತು. ಅದರ ಅಂಚು ಮೆತ್ತಗಿತ್ತೇ? ಅಥವಾ ಈಗ ಬೇರೆಯವನ್ನು ನೋಡಿದ್ದರಿಂದ ಹಾಗನ್ನಿಸುತ್ತಿದೆಯೇ? ಕೆಲವು ನಿಮಿಷಗಳ ಹಿಂದೆ ಕಂಡದ್ದನ್ನು ನೆನಪಿಸಿಕೊಳ್ಳಲಾಗದೆ ಟವೆಲಿನ ಕೆಳಗೆ ಬೆವರುತ್ತ ಕೂತಿದ್ದೆ. ನೆನಪನ್ನು ಕೇಳುವುದರಲ್ಲಿ ಅರ್ಥವಿಲ್ಲ, ಮತ್ತೆ ನೋಡುವುದೇ ಸರಿ ಎಂದು ತೀರ್ಮಾನಿಸಿ, “ತಿರುಗು” ಎಂದೆ. “ಈ ಸಲ ಅಡ್ಡ ಹೋಗು.”

ಅಡ್ಡ ಹಾಯ್ದಾಗ ಉಬ್ಬು ಬಹಳ ಉದ್ದವಾಗಿ ಬಂತು. ಮೊದಲು ಹಾಯ್ದಾಗ ಅದು ಗಿಡ್ಡವಾಗಿತ್ತು, ಇಷ್ಟು ಮಟ್ಟಿಗೆ ಖಚಿತವಿತ್ತು. ಒಂದು ಕಡೆಯಿಂದ ಗಿಡ್ಡ, ಒಂದು ಕಡೆಯಿಂದ ಆಳುದ್ದ. ಎರಡೂ ತುದಿ ಇಳಿಜಾರು.

“ಇಲ್ಲೇ” ಎಂದೆ.

ಅಣ್ಣ ಎಂಜಿನ್ ಆರಿಸಿದ. ಗಾಳವನ್ನು ಎಳೆಯದೆ, ನೇರ ಕೆಳಕ್ಕೆ, ಕೈಯಿಂದ ಕೈಗೆ ಹಗ್ಗ ಬಿಡುತ್ತ ಇಳಿಸಿದ. ಪರದೆಯ ಮೇಲೆ ಗಾಳ ಸಣ್ಣ ಚುಕ್ಕೆಯಾಗಿ ಇಳಿಯುವುದು ಕಾಣುತ್ತಿತ್ತು. ನಾನು ಎಡಕ್ಕೆ, ಸ್ವಲ್ಪ ಮುಂದಕ್ಕೆ ಎನ್ನುತ್ತಿದ್ದೆ. ಎರಡು ಸಲ ಬರಿದೇ ಬಂತು. ಮೂರನೆಯ ಸಲ ಹಗ್ಗ ಭಾರವಾಯಿತು. ಅಣ್ಣ ಎಳೆಯುವ ರೀತಿಯಿಂದಲೇ ಕಲ್ಲಲ್ಲ ಎಂದು ತಿಳಿಯಿತು. ಅವನು ಬಾವಿಯಿಂದ ಕೊಡ ಸೇದುವವನಂತೆ, ಎಲ್ಲಿಯೂ ತಗುಲದ ಹಾಗೆ ಎಳೆಯುತ್ತಿದ್ದ. ಪರದೆಯಲ್ಲಿ ಗೆರೆ ಮತ್ತೆ ನೇರವಾಯಿತು. ನಾನು ಟವೆಲ್ ತೆಗೆಯಲಿಲ್ಲ. ದೋಣಿ ಒಂದು ಬದಿಗೆ ವಾಲಿತು, ಆಮೇಲೆ ಸಮವಾಯಿತು.

ದಂಡೆಯಲ್ಲಿ ಅವನನ್ನು ಒಂದು ಫರ್ಸಿ ಕಲ್ಲಿನ ಮೇಲೆ ಮಲಗಿಸಿದರು. ಜಮಾದಾರರು ಸುತ್ತ ನೆರೆದವರನ್ನು ಹಿಂದಕ್ಕೆ ಸರಿಸಿ, ಆ ಹೆಂಗಸಿಗೆ ತಾವೇ ದಾರಿ ಮಾಡಿಕೊಟ್ಟರು. “ಬಾ ಯವ್ವ, ಕುಂದ್ರು” ಎಂದರು. ಹೈದರಾಬಾದಿನ ಮಾತಾಡಿದ ದನಿಯೇ ಅದೆಂದು ನಂಬುವುದು ಕಷ್ಟವಾಗಿತ್ತು.

ಇನ್ನು ಮುಂದಿನದು. ಅವಳು ಕೂತು, ಸೆರಗಿನಿಂದ ಅವನ ಹಣೆಯ ಮೇಲಿನ ಪಾಚಿ ಒರೆಸಿದಳು. ಮೀಸೆಯನ್ನು ಬೆರಳಿನಿಂದ ಸರಿ ಮಾಡಿದಳು. ಮುಖ ಮುಖವಾಗಿಯೇ ಇತ್ತು. ಬಲಗೆನ್ನೆಯ ಮೇಲೆ ಒಂದು ಗೀರು ಬಿಟ್ಟರೆ ಮಲಗಿದವನ ಮುಖ. ಇದು ನನ್ನ ನೆನಪು. ಸೆರಗಿನ ಬಣ್ಣ ಕೂಡ ಹೇಳಬಲ್ಲೆ.

ಸ್ವಲ್ಪ ಹೊತ್ತಿನ ಮೇಲೆ ಅವಳು ನನ್ನ ಬಳಿ ಬಂದಳು. ನಾನು ತಂತಿ ಸುತ್ತುತ್ತಿದ್ದೆ.

“ಆ ಟಿವ್ಯಾಗ ಅವರು ಹೆಂಗ ಕಂಡಾರ್ರಿ?” ಎಂದು ಕೇಳಿದಳು.

ಏನು ಹೇಳಬೇಕಿತ್ತು? ಉಬ್ಬು ಎಂದು ಹೇಳುತ್ತಾರೆಯೇ? “ಮಲಗಿದಂಗ ಕಂಡ್ರವ್ವ” ಎಂದೆ. ಅದು ಸುಳ್ಳೂ ಅಲ್ಲ. ಅವಳು ತಲೆಯಾಡಿಸಿದಳು, ಬೇಕಾಗಿದ್ದದ್ದು ಸಿಕ್ಕಿತೆಂಬಂತೆ. ಆಮೇಲೆ ಯಾರದೋ ಫೋನ್ ತೆಗೆದುಕೊಂಡು ಊರಿಗೆ ಮಾಡಿ, ಮಕ್ಕಳಿಗೆ ಹೊಸ ಅಂಗಿ ಹಾಕಿಸಿ ಮನೆಯಲ್ಲೇ ಇರಿಸಿಕೊಳ್ಳಿ, ತಾನು ಅವರಪ್ಪನನ್ನು ಕರೆದುಕೊಂಡು ಬರುತ್ತೇನೆ ಎಂದಳು. ಕರೆದುಕೊಂಡು ಬರುತ್ತೇನೆ ಎಂದೇ ಅಂದಳು.

ಅವರೆಲ್ಲ ಹೋದ ಮೇಲೆ ಅತ್ತೆ ದೋಣಿ ತೊಳೆದಳು. ತೊಳೆದು ನನ್ನ ಮುಂದೆ ಕೈಚಾಚಿದಳು. ನಾನು ವಾದಿಸಲಿಲ್ಲ. ಗೂಡಿನಿಂದ ಬೆಂಕಿಕಡ್ಡಿಯ ತುಂಡು ತೆಗೆದು, ಅದರ ಸುತ್ತಲಿನ ತಾಮ್ರದ ಎಳೆಯನ್ನು ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಅವಳು ಅದನ್ನು ನೀರಿನ ಮೇಲೆ ಬಿಟ್ಟಳು. ಅಷ್ಟು ಹಗುರದ ಎಳೆ ಮುಳುಗಲಿಲ್ಲ, ನೀರಿನ ಮೇಲ್ಪದರದ ಮೇಲೆ ಮಲಗಿತು. ಅದು ಯಾಕೆ ಹಾಗೆ ಎಂದು ನಾನು ವಿವರಿಸಬಲ್ಲೆ. ಅವಳು ಬೊಗಸೆಯಿಂದ ನೀರು ತಳ್ಳಿದಳು, ಎಳೆ ಇಳಿದುಹೋಯಿತು.

ಆದರೆ ಈ ಸಲ ಗೂಡಿಗೆ ಅವಳು ಟೇಪು ಸುತ್ತಲಿಲ್ಲ. ಮುಚ್ಚಳ ಬಿಚ್ಚಿಟ್ಟು, ಎಂಜಿನಿನ ಹಗ್ಗದ ಪಕ್ಕದಲ್ಲೇ, ಹಗ್ಗ ಎಳೆಯುವ ಕೈಗೆ ತಗುಲುವಂತೆ ಅದನ್ನು ಇಳಿಬಿಟ್ಟಳು. ಮುಂದಿನ ವಾರ ಅಣ್ಣ ವಾಡಿ ಬಜಾರಿನಿಂದ ಗಾಜಿನ ನಳಿಗೆಗಳ ಪೊಟ್ಟಣ ತಂದು ಒಂದನ್ನು ತನ್ನ ಕೈಯಿಂದ ಹಾಕಿದ. ಈಗಲೂ ಹಾಗೇ ನಡೆದಿದೆ.

ಇದನ್ನು ಬರೆಯುವ ಮೊದಲು ಊರಿಗೆ ಹೋಗಿ, ನನ್ನ ನೆನಪುಗಳನ್ನು ಅಣ್ಣನೆದುರು ಒಂದೊಂದಾಗಿ ಇಟ್ಟೆ. ಕೆಲವನ್ನು ಒಪ್ಪಿದ, ಕೆಲವಕ್ಕೆ ಹೆಗಲು ಕುಣಿಸಿದ. ಆ ಹೆಂಗಸು ಮೀಸೆ ಸರಿ ಮಾಡಿದ್ದಕ್ಕೆ ಬಂದಾಗ ಅವನು ನನ್ನನ್ನೇ ನೋಡಿದ.

“ನೀ ಎಲ್ಲಿ ನೋಡಿದಿ? ದಂಡಿಗೆ ಬಂದಾಗಿಂದ ನೀ ಬೆನ್ನು ತಿರುಗಿಸಿ ವೈರ್ ಸುತ್ತಕೋತ ಕುಂತಿದ್ದಿ. ಅಕಿ ನಿನ್ನ ಬಲ್ಲಿ ಬಂದು ಮಾತಾಡಿಸೂತನಾ ತಲಿ ಎತ್ತಿಲ್ಲ ನೀ. ಗೀರಿನ ಮಾತು ನಾ ಹೇಳಿದ್ದು, ವಾಪಸ್ ಬರುವಾಗ.”

ಸೆರಗಿನ ಬಣ್ಣ ಹೇಳಿದೆ. ಅದು ಅವನಿಗೆ ನೆನಪಿರಲಿಲ್ಲ.

ಅತ್ತೆ ಒಳಗೆ ಜೋಳ ಕೇರುತ್ತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸುತ್ತಿತ್ತು. ನಾನು ಎದ್ದು ಬಾಗಿಲಿಗೆ ಹೋಗಿ, ಅವಳ ಬಾಯಿಂದಲೇ ಕೇಳಬೇಕೆಂದು, ಆ ದಿನ ಆ ಹೆಂಗಸು ಗಂಡನ ಮುಖ ನಿಜವಾಗಿ ನೋಡಿದಳೇ, ಹೇಗೆ ನೋಡಿದಳು, ನಾನು ಅಲ್ಲಿದ್ದೆನೇ ಎಂದು ಕೇಳಿದೆ.

ಅತ್ತೆ ಮೊರ ನಿಲ್ಲಿಸಲಿಲ್ಲ.

“ಅಕಿ ನೋಡಿದ್ಳು. ಐನಾಪುರದಾಗ ಮಕ್ಕಳೂ ನೋಡಿದ್ವಂತ, ಫೋನ್ ಮಾಡಿ ಹೇಳ್ಯಾಳ. ದೊಡ್ಡಾಕಿ ಅಪ್ಪಗ ಮುತ್ತು ಕೊಟ್ಳಂತ. ನೀ ನೋಡಿದ್ರೇನು, ಬಿಟ್ರೇನು?”